ಕಿವುಡಿನ ವಂಶವಾಹಿ ಮತ್ತು ಮೀನಿನ ಕಿವಿ



ಮೈಸೂರು, ಕೆನರಾ, ಮಲಬಾರುಗಳ ಪ್ರವಾಸಕಥನ ಬರೆದ ಫ್ರಾನ್ಸಿಸ್ ಬುಕಾನನ್ ನಮ್ಮಲ್ಲಿ ಅನೇಕರಿಗೆ ಗೊತ್ತು. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ ಅವರೇ 1822ರಲ್ಲಿ, ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ, ಬೆರಳುದ್ದವೂ ಇಲ್ಲದ ಒಂದು ಪಟ್ಟೆಮೀನನ್ನು ವಿವರಿಸಿದರು. ಅದೇ ಇಂದಿನ ಜೀಬ್ರಾ ಮೀನು. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಅದನ್ನು ತಳಿಶಾಸ್ತ್ರದ ಪ್ರಯೋಗಗಳಿಗೆ ಪಳಗಿಸಿದರು. ಅವರ ಹೆಸರಾಂತ ಪ್ರಬಂಧ ಬಂದದ್ದು 1981ರಲ್ಲಿ. ಈ ಮೀನಿನ ಭ್ರೂಣ ಪಾರದರ್ಶಕ. ಒಳಕಿವಿ ರೂಪುಗೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು.

ಕಥೆಯ ಇನ್ನೊಂದು ಎಳೆ ನೆದರ್ಲೆಂಡ್ಸಿನ ಒಂದು ದೊಡ್ಡ ಕುಟುಂಬದ್ದು. ಚೆನ್ನಾಗಿಯೇ ಕೇಳಿಸುತ್ತಿದ್ದ ಮಕ್ಕಳಿಗೆ 5ರಿಂದ 15ರ ವಯಸ್ಸಿನೊಳಗೆ ಮೊದಲು ಕೀರಲು ದನಿಗಳು ಕೇಳಿಸದಾಗುತ್ತಿದ್ದವು, ವರ್ಷ ಕಳೆದಂತೆ ಉಳಿದವೂ. 1998ರಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ನ ಗಯ್ ವಾನ್ ಕ್ಯಾಂಪ್ ಅವರ ತಂಡ ಇದಕ್ಕೆ ಕಾರಣವಾದ ವಂಶವಾಹಿಯನ್ನು ಹಿಡಿಯಿತು. ಹೆಸರು ಡಿಎಫ್‌ಎನ್‌ಎ-5. ಆದರೆ ಅದು ಕಿವಿಯಲ್ಲಿ ಮಾಡುವ ಕೆಲಸವೇನು?

ಆಗ ಮೀನು ನೆರವಿಗೆ ಬಂತು. ಭ್ರೂಣದ ಕಿವಿ ಮೊದಲಿಗೆ ಒಂದು ಪುಟ್ಟ ಚೀಲ. ಅದರ ಗೋಡೆಗಳಿಂದ ಬೆರಳಿನಂಥ ಚಾಚುಗಳು ಒಳಕ್ಕೆ ಬೆಳೆದು, ಒಂದನ್ನೊಂದು ಮುಟ್ಟಿ, ಬೆಸೆದು ಕಂಬಗಳಾಗುತ್ತವೆ. ಆ ಕಂಬಗಳ ಸುತ್ತ ಅರ್ಧವೃತ್ತಾಕಾರದ ನಾಳಗಳು ಮೂಡುತ್ತವೆ. ಚಾಚುಗಳನ್ನು ಒಳಗಿನಿಂದ ಉಬ್ಬಿಸಿ ಮುಂದೆ ತಳ್ಳುವುದು ಹಯಲುರಾನಿಕ್ ಆಮ್ಲ. ಎಲಿಸಬೆತ್ ಬುಷ್-ನೆಂಟ್ವಿಚ್, ಟೆರೆಸಾ ನಿಕೋಲ್ಸನ್ ಮತ್ತು ಸಂಗಡಿಗರು ಡಿಎಫ್‌ಎನ್‌ಎ-5ರ ಕೆಲಸವನ್ನು ತಡೆದು ನೋಡಿದಾಗ, ಆ ಆಮ್ಲದ ತಯಾರಿಕೆಗೆ ಬೇಕಾದ ಕಿಣ್ವದ ವಂಶವಾಹಿಯೇ ಕಿವಿಯಲ್ಲಿ ಸುಮ್ಮನಾಯಿತು. ಚಾಚುಗಳು ಬೆಸೆಯಲಿಲ್ಲ, ನಾಳಗಳು ಅಸ್ತವ್ಯಸ್ತವಾದವು. ಇದು ಪ್ರಕಟವಾದದ್ದು 2004ರಲ್ಲಿ. ನನ್ನ ಮಟ್ಟಿಗೆ ಬಹಳ ಸುಂದರವಾದ ಸಂಶೋಧನೆ.

ಆದರೂ ಇಲ್ಲಿ ಎಚ್ಚರ ಬೇಕು. ಈ ನಾಳಗಳು ಸಮತೋಲನಕ್ಕಾಗಿ ಇರುವಂಥವು, ಕೇಳುವುದಕ್ಕಲ್ಲ. ಮೀನಿಗೆ ನಮ್ಮಂತೆ ಶಂಖದಾಕಾರದ ಶ್ರವಣಾಂಗವೂ ಇಲ್ಲ. ಆ ಡಚ್ ಮಕ್ಕಳ ಕಿವಿಯಾದರೋ ಹುಟ್ಟಿದಾಗ ಸರಿಯಾಗಿಯೇ ಇತ್ತು. 2005ರಲ್ಲಿ ವಾನ್ ಕ್ಯಾಂಪ್ ತಂಡವೇ ಇಲಿಗಳಲ್ಲಿ ಈ ವಂಶವಾಹಿಯನ್ನು ತೆಗೆದುಹಾಕಿತು. ಇಲಿಗಳು ಕಿವುಡಾಗಲಿಲ್ಲ!

ಹಾಗಾದರೆ ಮನುಷ್ಯರಲ್ಲಿ ಆಗುತ್ತಿರುವುದೇನು? ಈ ಕಿವುಡು ಕಂಡುಬಂದ ಕುಟುಂಬ ಬೇರೆ, ದೇಶ ಬೇರೆಯಾದರೂ ದೋಷದ ಫಲ ಒಂದೇ: ವಂಶವಾಹಿಯ 8ನೇ ತುಣುಕು ಬಿಟ್ಟುಹೋಗಿ, ಪ್ರೋಟೀನಿನ ಹಿಂಭಾಗ ಮೊಟಕಾಗುತ್ತದೆ. ಇದರ ಅರ್ಥ ಬಿಚ್ಚಿಕೊಂಡದ್ದು ಚೀನಾದ ಫೆಂಗ್ ಶಾವೊ ತಂಡದ 2017ರ ಕೆಲಸದಿಂದ. ಈ ಪ್ರೋಟೀನಿನ ಮುಂಭಾಗ ಜೀವಕೋಶದ ಪೊರೆಗೆ ತೂತು ಕೊರೆದು ಅದನ್ನು ಸಾಯಿಸಬಲ್ಲದು. ಹಿಂಭಾಗ ಅದಕ್ಕೆ ಕಡಿವಾಣ. ಹಿಂಭಾಗ ಮೊಟಕಾದರೆ ಕಡಿವಾಣ ಸಡಿಲ.

ಕಿವುಡಿಗೆ ಕಾರಣ ಈ ವಂಶವಾಹಿಯ ಕೊರತೆಯಲ್ಲ, ಅದರ ಕೆಟ್ಟ ಪ್ರತಿಯ ಹಾವಳಿ. ಆದ್ದರಿಂದ ಇದಕ್ಕೆ ಚಿಕಿತ್ಸೆ ಹುಡುಕುವವರು ಹೊಸ ಪ್ರತಿಯನ್ನು ಸೇರಿಸಿದರೆ ಸಾಲದು, ಕೆಟ್ಟ ಪ್ರತಿಯನ್ನು ಅಡಗಿಸಬೇಕು.