ಅಗ್ಗದ ಕ್ಯಾಮೆರಾ, 36 ಚಿತ್ರ

1900ರಲ್ಲಿ ಅಮೆರಿಕದ ಕೊಡಕ್ ಕಂಪನಿ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾವನ್ನು ಒಂದೇ ಡಾಲರಿಗೆ ಮಾರಿತು. ಫೋಟೋ ತೆಗೆಯುವುದು ಉಳ್ಳವರ ಶೋಕಿ ಎಂಬ ಮಾತು ಅಲ್ಲಿಂದ ಸಡಿಲವಾಯಿತು. ನಮ್ಮ ಮನೆಗಳಿಗೆ ಆ ಸುಖ ಬಂದದ್ದು ತಡವಾಗಿ. ಆಗ್ಫಾ ಕ್ಲಿಕ್, ಆಮೇಲೆ ಹಾಟ್ ಶಾಟ್, ಕೊನೆಗೆ ಕೊಡಕ್ ಕೆಬಿ 10. ಹುಡುಕಿದರೆ ಎಷ್ಟೋ ಮನೆಯ ಅಟ್ಟದಲ್ಲಿ ಇಂಥದ್ದೊಂದು ಈಗಲೂ ಸಿಕ್ಕೀತು.

ಕೈಗೆತ್ತಿಕೊಂಡರೆ ಪೂರಾ ಪ್ಲಾಸ್ಟಿಕ್, ತೂಕವೇ ಇಲ್ಲ. ಫೋಕಸ್ ತಿರುಗಿಸುವ ಗೋಜಿಲ್ಲ. ಬೆಳಕು ಬರುವ ಕಿಂಡಿ ಸಣ್ಣದು, ಹಾಗಾಗಿ ನಾಲ್ಕೈದು ಅಡಿ ಆಚೆ ಇರುವುದೆಲ್ಲ ತಕ್ಕಮಟ್ಟಿಗೆ ಸ್ಪಷ್ಟ. ಆದರೆ ನಾವು ಕಣ್ಣಿಟ್ಟು ನೋಡುವ ಗಾಜೇ ಬೇರೆ, ಚಿತ್ರ ಹಿಡಿಯುವ ಲೆನ್ಸೇ ಬೇರೆ. ಲೆನ್ಸಿಗೆ ಬೆರಳು ಅಡ್ಡ ಬಂದರೂ ಗೊತ್ತಾಗುವುದಿಲ್ಲ. ತೀರ ಹತ್ತಿರ ಹೋದರೆ ಅತ್ತೆಯವರ ಅರ್ಧ ತಲೆ ಚೌಕಟ್ಟಿನಾಚೆ!

ಕಲರ್ ನೆಗೆಟಿವ್ ಬೆಳಕು ಹೆಚ್ಚಾದರೆ ತಾಳಿಕೊಳ್ಳುತ್ತದೆ, ಕಡಿಮೆಯಾದರೆ ಮಂಕಾಗುತ್ತದೆ. ಆದ್ದರಿಂದ 400 ಐಎಸ್‌ಒ ರೋಲು ಹಾಕಿ, ಬಿಸಿಲಿಗೆ ಹೊರಡಿ. ರೋಲು ಈಗ ದುಬಾರಿ, ನಿಜ. ಇರುವುದು 36 ಚಿತ್ರ ಎಂದಾಗ ತಿಂಡಿಯ ತಟ್ಟೆಯ ಫೋಟೋ ಯಾರೂ ತೆಗೆಯುವುದಿಲ್ಲ. ನನಗಂತೂ ಅದೇ ದೊಡ್ಡ ಲಾಭ. ಕ್ಲಿಕ್ಕಿಸಿದ ತಕ್ಷಣ "ಎಲ್ಲಿ, ತೋರ್ಸು" ಎಂದು ಯಾರೂ ಮುಗಿಬೀಳುವುದೂ ಇಲ್ಲ, ಎಲ್ಲರೂ ಮತ್ತೆ ಹರಟೆಗೆ ಕೂರುತ್ತಾರೆ.

ಹಳೆಯ ಕ್ಯಾಮೆರಾ ಸಿಕ್ಕಿದರೆ ಮೊದಲು ಸೆಲ್ಲಿನ ಮುಚ್ಚಳ ತೆಗೆದು ನೋಡಿ. ಸೆಲ್ ಸೋರಿ ಬಿಳಿ ಪುಡಿ ಕೂತಿದ್ದರೆ ಅದನ್ನು ಒರೆಸಿದ ಮೇಲೆಯೇ ರೋಲು ಕೊಳ್ಳಿ.