ಹವಳವೂ ಮಂಗಳಗ್ರಹವೂ

ಕೆಲವು ವರ್ಷಗಳ ಕೆಳಗೆ ನಮ್ಮ ಪರಿಚಿತರೊಬ್ಬರು ಸಂಜೆಯ ಹೊತ್ತಿನಲ್ಲಿ ನಮ್ಮ ಮನೆಗೆ ಬಂದು, ಸಣ್ಣದೊಂದು ಕಾಗದದ ಪೊಟ್ಟಣವನ್ನು ಬಿಚ್ಚಿ, ಅದರೊಳಗಿದ್ದ ಹವಳದ ಉಂಗುರವನ್ನು ತೋರಿಸಿದರು. ಅವರ ಮಗಳ ಜಾತಕದಲ್ಲಿ ಕುಜದೋಷವಿರುವುದೆಂದೂ, ಈ ಉಂಗುರವನ್ನು ಮಂಗಳವಾರ ಧರಿಸಿದರೆ ವಿವಾಹಕ್ಕಿರುವ ವಿಘ್ನ ತೊಲಗುವುದೆಂದೂ ಯಾರೋ ಹೇಳಿದ್ದರು. ಅದಕ್ಕಾಗಿ ಅವರು ಸಾಲ ಮಾಡಿದ್ದರು. "ನೀವು ಓದಿದವರು, ಇದು ನಿಜವಾದ ಹವಳವೇ ಎಂದು ನೋಡಿ ಹೇಳಬೇಕು" ಎಂದರು. ಹವಳಕ್ಕೆ ಆ ಶಕ್ತಿಯುಂಟೇ ಎಂದು ಮಾತ್ರ ಅವರು ಕೇಳಲಿಲ್ಲ. ಅವರು ಕೇಳದೆ ಬಿಟ್ಟ ಆ ಪ್ರಶ್ನೆಯನ್ನೇ ಈ ಹೊತ್ತು ನಾವು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ.

ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ ಎಂಬ ಹಂಚಿಕೆ ನಮ್ಮವರೆಲ್ಲರಿಗೂ ತಿಳಿದದ್ದೇ. ಈ ಹಂಚಿಕೆಗೆ ಬಣ್ಣದ ಹೋಲಿಕೆಯೇ ಬಹುಮಟ್ಟಿಗೆ ಆಧಾರವೆಂದು ತೋರುತ್ತದೆ. ಬೆಳದಿಂಗಳು ಬಿಳುಪು, ಮುತ್ತೂ ಬಿಳುಪು. ಕುಜನಿಗೆ ಅಂಗಾರಕನೆಂದು ಹೆಸರು, ಅಂದರೆ ಕೆಂಡ, ಹವಳವೂ ಕೆಂಪು. ಕವಿಗೆ ಇಷ್ಟು ಸಾಮ್ಯ ಸಾಕು. ಆದರೆ ರೋಗಕ್ಕೂ ಸಾಲಕ್ಕೂ ವಿವಾಹಕ್ಕೂ ಇದನ್ನೇ ಪ್ರಮಾಣವೆಂದು ಹಿಡಿಯಬಹುದೇ?

ಮಾಣಿಕ್ಯ ಮತ್ತು ನೀಲಗಳನ್ನೇ ನೋಡೋಣ. ಶನಿಯು ಸೂರ್ಯನ ಮಗನಾದರೂ ತಂದೆಮಕ್ಕಳಿಗೆ ವೈರವೆಂಬ ಕಾರಣದಿಂದ ಇವೆರಡನ್ನೂ ಒಟ್ಟಿಗೆ ಧರಿಸಬಾರದೆಂದು ಹೇಳುವುದುಂಟು. ರಸಾಯನಶಾಸ್ತ್ರಜ್ಞನಾದರೋ ಎರಡೂ ಒಂದೇ ಖನಿಜವೆನ್ನುತ್ತಾನೆ. ಎರಡೂ ಸಾಣೆಗೆ ಬಳಸುವ ಕುರಂದದ ಜಾತಿಯವು, ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳ ಸಂಯೋಗದಿಂದಾದವು. ಕ್ರೋಮಿಯಂ ಲೇಶವಾಗಿ ಸೇರಿದರೆ ಕೆಂಪು. ಕಬ್ಬಿಣವೂ ಟೈಟೇನಿಯಮ್ಮೂ ಸೇರಿದರೆ ನೀಲಿ. 1902ರಲ್ಲಿ ಫ್ರಾನ್ಸಿನ ವೆರ್ನೂಯಿ ಎಂಬ ವಿದ್ವಾಂಸನು ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯವನ್ನು ಮಾಡುವ ವಿಧಾನವನ್ನು ಪ್ರಕಟಿಸಿದನು. ಆ ಮಾಣಿಕ್ಯಕ್ಕೂ ಸೂರ್ಯನು ಒಲಿಯುವನೇ ಎಂಬ ಪ್ರಶ್ನೆಗೆ ಹಳೆಯ ಗ್ರಂಥಗಳಲ್ಲಿ ಉತ್ತರವಿಲ್ಲ.

ಹವಳದ ಸಂಗತಿ ಇನ್ನೂ ಸ್ವಾರಸ್ಯವಾದುದು. ಅದು ಕಲ್ಲೇ ಅಲ್ಲ. ಮೆಡಿಟರೇನಿಯನ್ ಸಮುದ್ರದ ಬಂಡೆಗಳ ಮರೆಯಲ್ಲಿ ಅತಿ ಸಣ್ಣ ಜೀವಿಗಳು ಗುಂಪುಗೂಡಿ ವಾಸಿಸುತ್ತ, ತಮಗೆ ಆಧಾರವಾಗಿ ಸುಣ್ಣದಂಶದಿಂದ ಕಟ್ಟಿಕೊಂಡ ಅಸ್ಥಿಯೇ ಒಡವೆಯ ಕೆಂಪು ಹವಳ. ಕವಲೊಡೆದ ಆಕಾರವನ್ನು ಕಂಡು ಯೂರೋಪಿನ ಪಂಡಿತರು ಬಹುಕಾಲ ಅದನ್ನು ಗಿಡವೆಂದೇ ನಂಬಿದ್ದರು; 18ನೆಯ ಶತಮಾನದಲ್ಲಿ ಪೆಯ್ಸೊನೆಲ್ ಎಂಬ ವೈದ್ಯನು ಅದರ ಹೂವುಗಳೆಂಬುವು ಪ್ರಾಣಿಗಳೆಂದು ವಾದಿಸಿದಾಗ ವಿದ್ವಾಂಸರು ಸುಲಭವಾಗಿ ಒಪ್ಪಲಿಲ್ಲ. ಹವಳದ ಕೆಂಪು ಜೀವಿಯಿಂದ ಬಂದ ವರ್ಣದ್ರವ್ಯದ್ದು. ಮಂಗಳಗ್ರಹದ ಕೆಂಪು ಅದರ ನೆಲದಲ್ಲಿರುವ ಕಬ್ಬಿಣದ ತುಕ್ಕಿನದು. ಕಣ್ಣಿಗೆ ಒಂದೆಂದು ತೋರಿದ ಎರಡು ಕೆಂಪುಗಳಿಗೆ ಮೂಲದಲ್ಲಿ ಯಾವ ಸಂಬಂಧವೂ ಇಲ್ಲ.

ಇಷ್ಟು ದೂರದ ಕಡಲಿನ ವಸ್ತು ನಮ್ಮ ಹೆಂಗಸರ ಕರಿಮಣಿಸರಕ್ಕೆ ಬಂದದ್ದು ವ್ಯಾಪಾರದಿಂದ. ಕ್ರಿಸ್ತಶಕ 1ನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಪೆರಿಪ್ಲಸ್ ಎಂಬ ನೌಕಾಗ್ರಂಥದಲ್ಲಿ, ಭರುಕಚ್ಛಕ್ಕೂ ಮಲಬಾರಿನ ರೇವುಗಳಿಗೂ ಬರುತ್ತಿದ್ದ ಸರಕುಗಳ ನಡುವೆ ಹವಳವೂ ಸೇರಿದೆ. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿಯು, ರೋಮಿನ ಸ್ತ್ರೀಯರಿಗೆ ಭಾರತದ ಮುತ್ತಿನ ಮೇಲೆ ಎಷ್ಟು ಆಸೆಯೋ ಭಾರತದವರಿಗೆ ಹವಳದ ಮೇಲೆ ಅಷ್ಟೇ ಆಸೆ ಎಂಬರ್ಥದ ಮಾತನ್ನು ಹೇಳಿದ್ದಾನೆ. 18ನೆಯ ಶತಮಾನದಲ್ಲಿಯೂ ಇಟಲಿಯ ಕಡೆಯ ಹವಳ ಮದರಾಸಿಗೆ ಬಂದು, ಅದರ ಬದಲಿಗೆ ನಮ್ಮ ವಜ್ರ ಯೂರೋಪಿಗೆ ಹೋಗುತ್ತಿತ್ತು. ಹವಳ ಹುಟ್ಟುವ ಆ ಸೀಮೆಯಲ್ಲಿ ಅದನ್ನು ಎಳೆಯ ಮಕ್ಕಳ ರಕ್ಷೆಯೆಂದು ಕಟ್ಟುತ್ತಿದ್ದರು; ಇಲ್ಲಿಗೆ ಬಂದಮೇಲೆ ಅದು ಕುಜಶಾಂತಿಗೆ ಸಾಧನವಾಯಿತು. ವಸ್ತು ಒಂದೇ, ಊರು ಬದಲಾದಂತೆ ಗುಣವೂ ಬದಲಾಗಿದೆ. ಸುಡುವುದು ಬೆಂಕಿಯ ಗುಣವಾದ್ದರಿಂದ ಅದು ಎಲ್ಲ ದೇಶದಲ್ಲಿಯೂ ಸುಡುತ್ತದೆ. ಹವಳದ ಮಹಿಮೆ ಆ ಬಗೆಯದಲ್ಲ.

ಹಾಗೆಂದು ನಮ್ಮ ಹಿಂದಿನವರ ರತ್ನವಿದ್ಯೆಯನ್ನೆಲ್ಲ ತಳ್ಳಿಹಾಕುವುದು ನ್ಯಾಯವಾಗದು. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ರತ್ನಪರೀಕ್ಷೆಗೆ ಅಧ್ಯಾಯಗಳೇ ಮೀಸಲಾಗಿವೆ. ಹೊಳಪು, ಬಣ್ಣ, ಬಿರುಕು, ಆಕಾರ ಇವನ್ನು ಅಲ್ಲಿ ಸೂಕ್ಷ್ಮವಾಗಿ ವಿಚಾರಿಸಿದೆ. ಅದರ ಜೊತೆಗೆ ಒಳ್ಳೆಯ ರತ್ನದಿಂದ ರಾಜನಿಗೆ ಶುಭ, ಕೆಟ್ಟದ್ದರಿಂದ ಅಶುಭ ಎಂದೂ ಹೇಳಿದೆ. ಮೊದಲನೆಯದು ಕಣ್ಣಿನಿಂದ ಕಂಡದ್ದು, ಎರಡನೆಯದು ಮನಸ್ಸು ಬಯಸಿದ್ದು. ಆ ಕಣ್ಣನ್ನು ಉಳಿಸಿಕೊಂಡು ಈ ಬಯಕೆಯನ್ನು ಬಿಟ್ಟರೆ ಪೂರ್ವಿಕರಿಗೆ ಅಗೌರವವಾಗದೆಂದು ನಮ್ಮ ಭಾವನೆ.

ಇನ್ನೊಂದು ಮಾತನ್ನೂ ಹೇಳಬೇಕು. ಕೆಂಪು ಹವಳದ ಕೊಂಬೆ ಒಂದು ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲ. ಬೆರಳಿನ ಗಾತ್ರಕ್ಕೆ ಬರಲು ಹಲವು ದಶಕಗಳು ಬೇಕು. ಭಾರವಾದ ತೊಲೆಗಳನ್ನು ಶಿಲುಬೆಯಂತೆ ಜೋಡಿಸಿ, ಬಲೆ ಕಟ್ಟಿ, ಸಮುದ್ರದ ತಳದಲ್ಲಿ ಎಳೆದು ಬಂಡೆಯನ್ನೇ ಬೋಳುಮಾಡುತ್ತಿದ್ದ ಪದ್ಧತಿಯನ್ನು ಯೂರೋಪಿನ ಒಕ್ಕೂಟ 1994ರಲ್ಲಿ ನಿಷೇಧಿಸಿತು. ನಮ್ಮ ದೋಷಪರಿಹಾರಕ್ಕೆ ಎಲ್ಲಿಯೋ ಒಂದು ಜೀವಸಂಕುಲ ಬೆಲೆ ತೆರುತ್ತಿರುವುದು ಶಾಂತಿಯ ಲಕ್ಷಣವೇ?

ನಮ್ಮ ಪರಿಚಿತರ ಉಂಗುರವನ್ನು ನಾವು ಮಸೂರದ ಕೆಳಗೆ ನೋಡಿದೆವು. ಹವಳದ ಬೆಳವಣಿಗೆಯ ಸಣ್ಣ ಗೆರೆಗಳು ಕಂಡವು. "ಹವಳವೇ ಹೌದು" ಎಂದೆವು. ಉಳಿದುದನ್ನು ಹೇಳಲು ಅವರ ಮುಖವನ್ನು ನೋಡಿ ಧೈರ್ಯ ಸಾಲಲಿಲ್ಲ. ಮರುವರ್ಷ ವಿವಾಹವಾಯಿತು, ಕೀರ್ತಿ ಉಂಗುರಕ್ಕೆ ಹೋಯಿತು. ಆಗದಿದ್ದರೆ ತೂಕ ಸಾಲದೆಂದು ಇನ್ನೊಂದು ಉಂಗುರವನ್ನು ಕೊಳ್ಳಿಸುತ್ತಿದ್ದರು. ಹವಳದ ಮೇಲೆ ತಪ್ಪು ಬರುತ್ತಿರಲಿಲ್ಲ, ಆ ಹುಡುಗಿಯ ಮೇಲೆ ಬರುತ್ತಿತ್ತು. ಅಂದು ನಾವು ಸುಮ್ಮನಿದ್ದುದಕ್ಕೆ ಈಗಲೂ ನಾಚುತ್ತೇವೆ.

ನಮ್ಮ ತಾಯಿಯವರ ಕರಿಮಣಿಯಲ್ಲಿದ್ದ ಎರಡು ಹವಳಗಳು ಇಂದಿಗೂ ನಮ್ಮ ಮನೆಯಲ್ಲಿವೆ. ಅವನ್ನು ನಮ್ಮ ಮಗಳು ಧರಿಸಲಿ; ಚೆಲುವಿಗಾಗಿ ಧರಿಸಲಿ, ಅಜ್ಜಿಯ ನೆನಪಿಗಾಗಿ ಧರಿಸಲಿ. ಗ್ರಹಕ್ಕೆ ಹೆದರಿ ಧರಿಸುವ ಕಾಲ ಅವಳಿಗೆ ಬಾರದಿರಲಿ ಎಂಬುದೇ ನಮ್ಮ ಹಾರೈಕೆ.