ಚುಕ್ಕಿಗಳಲ್ಲಿ ನಡೆಯುವ ಮನುಷ್ಯ

ಸ್ಪ್ರೈಟ್ ಎಂದ ಕೂಡಲೇ ನಿಮಗೆ ಅಂಗಡಿಯ ಹಸುರು ಬಾಟಲಿ ನೆನಪಾದರೆ ತಪ್ಪೇನಿಲ್ಲ. ಆದರೆ ಕಂಪ್ಯೂಟರಿನಲ್ಲಿ ಆಟವಾಡುವ ಮಕ್ಕಳನ್ನು ಕೇಳಿ ನೋಡಿ, ಅವರು ಬೇರೆ ಅರ್ಥ ಹೇಳುತ್ತಾರೆ. ಪರದೆಯ ಮೇಲೆ ಮನೆಯಿಂದ ಮನೆಗೆ, ಊರಿನಿಂದ ಕಾಡಿಗೆ ಓಡಾಡುವ ಹೆಬ್ಬೆರಳ ಉಗುರಿನಷ್ಟು ದೊಡ್ಡ ಮನುಷ್ಯನಿದ್ದಾನಲ್ಲ, ಅವನ ಚಿತ್ರಕ್ಕೇ ಸ್ಪ್ರೈಟ್ ಎಂದು ಹೆಸರು. ಆಡುವವನೇ ಕಥೆಯೊಳಗಿನ ಒಬ್ಬ ಪಾತ್ರಧಾರಿಯಾಗುವ ಆಟಗಳಿಗೆ ಇವನಿಲ್ಲದೆ ನಡೆಯುವುದಿಲ್ಲ. ಇಂಥ ಆಟಗಳನ್ನು ಮನೆಯಲ್ಲೇ ಕುಳಿತು ಹವ್ಯಾಸಕ್ಕಾಗಿ ಕಟ್ಟುವವರು ಲೋಕದ ತುಂಬ ಇದ್ದಾರೆ. ಅವರಲ್ಲಿ ಹೆಚ್ಚಿನವರು ಜಪಾನಿನಲ್ಲಿ ಹುಟ್ಟಿದ ಆರ್‌ಪಿಜಿ ಮೇಕರ್ ಎಂಬ ಸಾಫ್ಟ್‌ವೇರಿನ ಹೆಸರನ್ನಾದರೂ ಕೇಳಿದವರೇ. ಪ್ರೋಗ್ರಾಮಿಂಗ್ ಕಲಿಯದವರೂ ಅದರಲ್ಲಿ ಆಟ ಮಾಡಬಹುದು.

ಅದರ ಜೊತೆಗೆ ಕಂಪೆನಿಯವರೇ ಒಂದಿಷ್ಟು ಸಿದ್ಧ ಚಿತ್ರಗಳನ್ನು ಕೊಟ್ಟಿರುತ್ತಾರೆ. ತೆರೆದು ನೋಡಿದರೆ ಕವಚ ತೊಟ್ಟ ಯೋಧ, ಉದ್ದ ನಿಲುವಂಗಿಯ ಮಂತ್ರವಾದಿ, ಗೌನು ಹಾಕಿದ ರಾಜಕುಮಾರಿ. ಮುಟ್ಟಾಳೆ ಇಟ್ಟುಕೊಂಡು ಅಡಿಕೆ ತೋಟಕ್ಕೆ ಹೊರಟ ನಮ್ಮ ಅಜ್ಜ ಅಲ್ಲಿಲ್ಲ. ಅವರು ಬೇಕಾದರೆ ನೀವೇ ಬರೆಯಬೇಕು.

ಬರೆಯುವುದೇನೂ ಬ್ರಹ್ಮವಿದ್ಯೆಯಲ್ಲ. ಹೊಸ್ತಿಲ ಮುಂದೆ ಚುಕ್ಕಿ ಎಣಿಸಿ ರಂಗೋಲಿ ಇಡುವವರಿಗೆ ಅರ್ಧ ಕೆಲಸ ಆಗಲೇ ಗೊತ್ತು. ಆರ್‌ಪಿಜಿ ಮೇಕರಿನ 2000ನೇ ಇಸವಿಯ ಆವೃತ್ತಿಯಲ್ಲಿ ಒಂದು ಚಿತ್ರಕ್ಕೆ ಅಡ್ಡ 24, ಉದ್ದ 32 ಚುಕ್ಕಿ, ಒಟ್ಟು 768. ಆ ಚೌಕದೊಳಗೇ ತಲೆ, ಕೈ, ಕಾಲು, ಬಟ್ಟೆ ಎಲ್ಲವೂ. ಮೇಲೆ, ಕೆಳಗೆ, ಎಡ, ಬಲ ಎಂದು ನಾಲ್ಕು ದಿಕ್ಕು; ಒಂದೊಂದು ದಿಕ್ಕಿಗೆ ಮೂರು ನಿಲುವು. ಒಂದು ಕಾಲು ಮುಂದೆ, ನೆಟ್ಟಗೆ ನಿಂತದ್ದು, ಇನ್ನೊಂದು ಕಾಲು ಮುಂದೆ. ಹೀಗೆ ಹನ್ನೆರಡು ಚಿತ್ರ ಬರೆದರೆ ಒಬ್ಬ ಮನುಷ್ಯ ನಡೆದಾಡುತ್ತಾನೆ. ಜಿಂಪ್‌ನಂಥ ಉಚಿತ ಸಾಫ್ಟ್‌ವೇರ್ ಈ ಕೆಲಸಕ್ಕೆ ಧಾರಾಳ ಸಾಕು. ಚಿತ್ರವನ್ನು ಪಿಎನ್‌ಜಿ ಕಡತವಾಗಿಯೇ ಉಳಿಸಿ. ಜೆಪೆಗ್ ಮಾಡಿದರೆ ಚುಕ್ಕಿಗಳ ಅಂಚು ಕಲಸಿಹೋಗುತ್ತದೆ.

ಇಷ್ಟು ಸಣ್ಣ ಚಿತ್ರದಲ್ಲಿ ಮೂಗು ಬಾಯಿ ತಿದ್ದುತ್ತ ಕೂರುವುದು ವ್ಯರ್ಥ. ಯಕ್ಷಗಾನದ ಆಟಕ್ಕೆ ಹೋದಾಗ ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕುಳಿತವರೂ ಪುಂಡುವೇಷ ಯಾವುದು, ಬಣ್ಣದ ವೇಷ ಯಾವುದು ಎಂದು ತಲೆಯ ಮೇಲಿನದನ್ನು ನೋಡಿಯೇ ಹೇಳುತ್ತಾರಲ್ಲವೇ? ಇಲ್ಲಿಯೂ ಹಾಗೆಯೇ, ಹೊರಗಿನ ಆಕಾರದಿಂದಲೇ ಗುರುತು. ಮುಟ್ಟಾಳೆಯನ್ನು ಸರಿಯಾಗಿ ಬರೆದರೆ ಅಜ್ಜ ಬಂದ ಹಾಗೆ.

ಕಷ್ಟವಿರುವುದು ನಡಿಗೆಯಲ್ಲಿ. ಪರದೇಶದ ಪಾಠಗಳೆಲ್ಲ ಪ್ಯಾಂಟು ಹಾಕಿದವನ ಕಾಲನ್ನು ಹಿಂದೆ ಮುಂದೆ ಮಾಡುವುದನ್ನು ಕಲಿಸುತ್ತವೆ. ಪಂಚೆ ಎನ್ನಿ, ಮುಂಡು ಎನ್ನಿ, ಅದರೊಳಗೆ ಕಾಲೇ ಕಾಣುವುದಿಲ್ಲ, ಸೀರೆಯಲ್ಲೂ ಅಷ್ಟೆ. ಆಗ ಅಂಚನ್ನು ಒಂದು ಚುಕ್ಕಿ ಎಡಕ್ಕೆ, ಒಂದು ಚುಕ್ಕಿ ಬಲಕ್ಕೆ ತೂಗಿಸಿ, ಹೆಜ್ಜೆ ಹಾಕುವಾಗ ಮೈಯನ್ನು ಒಂದು ಚುಕ್ಕಿ ತಗ್ಗಿಸಬೇಕು. ನಡಿಗೆ ತಾನಾಗಿ ಬರುತ್ತದೆ. ಇನ್ನೊಂದು ಮಾತು. ಎಡಕ್ಕೆ ಹೋಗುವ ಚಿತ್ರವನ್ನು ಮಗುಚಿ ಹಾಕಿ ಬಲಕ್ಕೆ ಹೋಗುವುದನ್ನು ಮಾಡಿದರೆ ಮೂರು ಚಿತ್ರದ ಶ್ರಮ ಉಳಿಯುತ್ತದೆ, ನಿಜ. ಆದರೆ ಎಡ ಹೆಗಲಿನ ಸೆರಗು ಬಲ ಹೆಗಲಿಗೆ ಹಾರಿಬಿಡುತ್ತದೆ! ನಮ್ಮ ಹೆಂಗಸರು ನೋಡಿದರೆ ನಗುತ್ತಾರೆ.

ಇನ್ನು ಹಂಚುವ ವಿಚಾರ. ನಮ್ಮ ನೆರೆಮನೆಯ ಹುಡುಗಿ ಪ್ಲಸ್ ಟು ಓದುವಾಗ ಇಂಥ ಒಬ್ಬ ಅಜ್ಜನನ್ನು ಬರೆದು, ಯಾರು ಬೇಕಾದರೂ ಬಳಸಿ ಎಂದು ಇಂಟರ್‌ನೆಟ್ಟಿಗೆ ಹಾಕಿದಳು. ಕೆಲವು ತಿಂಗಳಲ್ಲಿ ಅದೇ ಅಜ್ಜ, ಪಂಚೆಯ ಬಣ್ಣವಷ್ಟೇ ಬದಲಾಗಿ, ಬೇರೆ ಯಾರದೋ ಹೆಸರಿನಲ್ಲಿ ಕಾಣಿಸಿಕೊಂಡರು. ದುಡ್ಡಿನ ಮಾತು ಇರಲೇ ಇಲ್ಲ. ಆದರೂ ಆ ಹುಡುಗಿ ಉಳಿದ ಚಿತ್ರಗಳನ್ನೆಲ್ಲ ಹಿಂದಕ್ಕೆ ತೆಗೆದು, ಒಂದು ವರ್ಷ ಯಾರಿಗೂ ಏನನ್ನೂ ಕೊಡಲಿಲ್ಲ. ನಷ್ಟ ಯಾರಿಗೆ ಎಂದು ನೀವೇ ಯೋಚಿಸಿ.

ಕಾನೂನು ಅವಳ ಕಡೆಗಿದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬರೆದವರಿಗೆ ಹಕ್ಕು ತಾನಾಗಿ ಬರುತ್ತದೆ, ನೋಂದಣಿ ಮಾಡಿಸಲೇಬೇಕೆಂದಿಲ್ಲ. ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಸೆಕ್ಷನ್ ಕೊಡುತ್ತದೆ. ಹಾಗೆಯೇ, ಕಂಪೆನಿಯ ಯೋಧನಿಗೆ ನೀವು ಬೇರೆ ಬಣ್ಣ ಬಳಿದ ಮಾತ್ರಕ್ಕೆ ಅವನು ನಿಮ್ಮವನಾಗುವುದಿಲ್ಲ. ಆದರೆ ಎರಡಿಂಚಿನ ಚಿತ್ರಕ್ಕಾಗಿ ಕೋರ್ಟಿನ ಮೆಟ್ಟಲು ಹತ್ತುವವರು ಯಾರು?

ಇದಕ್ಕೆ ಒಂದು ಒಳ್ಳೆಯ ದಾರಿ ತೋರಿಸಿದ್ದು 2012ರ ಲಿಬರೇಟೆಡ್ ಪಿಕ್ಸೆಲ್ ಕಪ್ ಎಂಬ ಸ್ಪರ್ಧೆ. ಕ್ರಿಯೇಟಿವ್ ಕಾಮನ್ಸ್, ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ಓಪನ್ ಗೇಮ್ ಆರ್ಟ್ ಈ ಮೂವರೂ ಕೂಡಿ ನಡೆಸಿದ್ದು. ಬರೆಯುವ ಕ್ರಮವನ್ನು ಮೊದಲೇ ಗೊತ್ತುಮಾಡಿದ್ದರಿಂದ, ಮುಖವೇ ನೋಡದವರು ಬರೆದ ಅಂಗಿ, ಕೂದಲು, ಟೋಪಿ ಎಲ್ಲವೂ ಒಂದೇ ಮೈಗೆ ಹೊಂದುತ್ತವೆ. ಚೌಕ 64ಕ್ಕೆ 64 ಚುಕ್ಕಿ. ನಡಿಗೆಗೆ ದಿಕ್ಕೊಂದಕ್ಕೆ ಒಂಬತ್ತು ಚಿತ್ರ. ಅನಂತರ ಇವನ್ನು ಪದರ ಪದರವಾಗಿ ಜೋಡಿಸಿಕೊಡುವ ವ್ಯವಸ್ಥೆಯೂ ಬಂತು. ನನಗೆ ಮೆಚ್ಚಿಗೆಯಾದದ್ದು ಇದು: ನೀವು ಪಾತ್ರವನ್ನು ಜೋಡಿಸಿ ಮುಗಿಸಿದಾಗ, ಅಂಗಿ ಯಾರದು, ಕೂದಲು ಯಾರದು ಎಂಬ ಹೆಸರಿನ ಪಟ್ಟಿಯೂ ಸಿಗುತ್ತದೆ. ಅದನ್ನು ಆಟದೊಡನೆ ಸೇರಿಸಬೇಕು. ಬದಲಾಯಿಸಿದವರು ತಮ್ಮ ಚಿತ್ರವನ್ನೂ ಅದೇ ಕರಾರಿನ ಮೇಲೆ ಬಿಟ್ಟುಕೊಡಬೇಕು.

ಒಂದು ಎಚ್ಚರಿಕೆ ಇರಲಿ. ಇಂಥ ಕರಾರಿನಲ್ಲಿ ಕೊಟ್ಟದ್ದನ್ನು ಮಾರಾಟದ ಆಟಕ್ಕೂ ಬಳಸಬಹುದು, ಮತ್ತು ಒಮ್ಮೆ ಕೊಟ್ಟ ಅನುಮತಿಯನ್ನು ವಾಪಸು ಪಡೆಯುವಂತಿಲ್ಲ. ಅದಕ್ಕೆ ಮನಸ್ಸು ಒಪ್ಪದಿದ್ದರೆ, ಏನು ಮಾಡಬಹುದು, ಏನು ಕೂಡದು ಎಂದು ನಾಲ್ಕು ಸಾಲು ಬರೆದು ಚಿತ್ರದ ಜೊತೆಗೇ ಇಡಿ. ಕನ್ನಡದಲ್ಲಿ ಬರೆಯಿರಿ, ಕೆಳಗೆ ಇಂಗ್ಲಿಷಿನಲ್ಲೂ ಬರೆಯಿರಿ. ಎರಡು ಭಾಷೆಯಲ್ಲಿ ಹೇಳುವುದು ನಮಗೇನು ಹೊಸತೇ?

ಆ ಹುಡುಗಿ ಈಗ ಮತ್ತೆ ಬರೆಯುತ್ತಿದ್ದಾಳೆ, ಹೆಸರು ಮತ್ತು ಕರಾರಿನ ಕಡತದ ಸಮೇತ. ಈ ಸಲ ಸೊಪ್ಪಿನ ಹೊರೆ ಹೊತ್ತ ಹೆಂಗಸು. ಹೊರೆಗೆ ತಲೆಯ ಮೇಲೆ ಜಾಗ ಬೇಕಲ್ಲ? ಆರ್‌ಪಿಜಿ ಮೇಕರಿನ ವಿಎಕ್ಸ್ ಆವೃತ್ತಿಯಿಂದ ಈಚೆಗೆ ಅದೂ ಸುಲಭ. ಕಡತದ ಹೆಸರಿನ ಮೊದಲಿಗೆ ಡಾಲರ್ ಗುರುತು ಇಟ್ಟರೆ ಅದು ಒಬ್ಬರದೇ ಹಾಳೆ ಎಂದು ತಿಳಿದು, ಅಗಲವನ್ನು ಮೂರು, ಎತ್ತರವನ್ನು ನಾಲ್ಕು ಪಾಲು ಮಾಡಿಕೊಳ್ಳುತ್ತದೆ. ಚೌಕ ಎಷ್ಟು ಎತ್ತರವಿದ್ದರೂ ನಡೆಯುತ್ತದೆ. ಮೈ ತಗ್ಗಿದಾಗ ಹೊರೆಯೂ ತಗ್ಗಬೇಕೇ, ಇಲ್ಲ ಬಿಗಿಯಾಗಿ ನಿಲ್ಲಬೇಕೇ ಎಂದು ಮೊನ್ನೆ ನಮ್ಮ ಮನೆಯವರನ್ನು ಕೇಳಿಕೊಂಡು ಹೋದಳು. ಹೊರೆ ಅಲ್ಲಾಡಬಾರದು, ಕುತ್ತಿಗೆ ಮಾತ್ರ, ಎಂದರು ಇವರು.